ಓದುಗರ ಪ್ರಶ್ನೆ: ಅಮೆರಿಕದ ಕಾಲೇಜು ಆಟಗಾರರು ವಿದ್ಯಾರ್ಥಿಗಳೋ, ನೌಕರರೋ?

ಪ್ರಶ್ನೆ: ಅಮೆರಿಕದಲ್ಲಿ ಕಾಲೇಜು ತಂಡಕ್ಕೆ ಆಡುವವರಿಗೆ ಈಗ ಕಾಲೇಜೇ ದುಡ್ಡು ಕೊಡುತ್ತದಂತೆ. ಹಾಗಾದ್ರೆ ಅದು ಸಂಬಳವೇ ಅಲ್ವಾ?

ದುಡ್ಡು ಕೊಡುವುದು ನಿಜ. ಅದನ್ನು ಸಂಬಳ ಅನ್ನಲು ಮಾತ್ರ ಕಾಲೇಜುಗಳು ಒಪ್ಪುವುದಿಲ್ಲ. ಜಗಳ ಉಳಿದಿರುವುದು ಅಲ್ಲೇ.

ನಮ್ಮಲ್ಲಿ ಕಾಲೇಜು ಟೀಮ್ ಅಂದ್ರೆ ಒಂದು ಟ್ರ್ಯಾಕ್ ಸೂಟು, ಹಾಜರಾತಿಯಲ್ಲಿ ಸ್ವಲ್ಪ ವಿನಾಯಿತಿ, ಅದೃಷ್ಟ ಇದ್ದರೆ ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು. ಅಲ್ಲಿನ ಲೆಕ್ಕವೇ ಬೇರೆ. ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಮೈದಾನದಲ್ಲಿ 1 ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. (ಅವರ ಫುಟ್‌ಬಾಲ್ ಅಂದ್ರೆ ಚೆಂಡನ್ನು ಅವುಚಿಕೊಂಡು ಓಡುವ ಆಟ.) ಮಾರ್ಚ್ ತಿಂಗಳ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಟಿವಿ ಹಕ್ಕು 2010ರಲ್ಲಿ 14 ವರ್ಷಕ್ಕೆ 1,080 ಕೋಟಿ ಡಾಲರ್‌ಗೆ ಹೋಯಿತು. ಆಡುವ ಹುಡುಗನಿಗೆ ಸಿಗುತ್ತಿದ್ದದ್ದು ಫೀಸು, ಹಾಸ್ಟೆಲ್, ಊಟ.

ಇದಕ್ಕೊಂದು ಚೆಂದದ ಹೆಸರೂ ಇತ್ತು: 'ಸ್ಟೂಡೆಂಟ್ ಅಥ್ಲೀಟ್'. 1950ರ ದಶಕದಲ್ಲಿ ಗಾಯಗೊಂಡವರು, ಸತ್ತವರ ಮನೆಯವರು ಕಾರ್ಮಿಕರ ಪರಿಹಾರ ಕೇಳಿ ಕೋರ್ಟಿಗೆ ಹೋಗತೊಡಗಿದ್ದರು. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಆಗ ಈ ಪದವನ್ನು ಮುಂದೆ ಮಾಡಿತು. ವಿದ್ಯಾರ್ಥಿ ಅಂದಮೇಲೆ ಕಾರ್ಮಿಕ ಹೇಗಾಗುತ್ತಾನೆ, ಅಲ್ವಾ? ಆಗಿನ ಮುಖ್ಯಸ್ಥ ವಾಲ್ಟರ್ ಬೈಯರ್ಸ್ ನಿವೃತ್ತರಾದ ಮೇಲೆ ಆ ವ್ಯವಸ್ಥೆಯ ವಿರುದ್ಧವೇ ತಿರುಗಿ ಮಾತಾಡಿದರು.

ಗೋಡೆ ಬಿರುಕು ಬಿಟ್ಟದ್ದು ಒಂದು ವಿಡಿಯೋ ಗೇಮ್‌ನಿಂದ. ಎಡ್ ಓಬ್ಯಾನನ್ 1995ರಲ್ಲಿ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡಕ್ಕೆ ಬ್ಯಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದುಕೊಟ್ಟವರು. ಎಷ್ಟೋ ವರ್ಷದ ಮೇಲೆ ಗೆಳೆಯನ ಮನೆಗೆ ಹೋದಾಗ ಅಲ್ಲಿನ ಹುಡುಗ ಆಡುತ್ತಿದ್ದ ಗೇಮ್‌ನಲ್ಲಿ ತಾವೇ ಇದ್ದರು! ಅದೇ 31ನೇ ನಂಬರು, ಅದೇ ಬೋಳುತಲೆ, ಅದೇ ಎಡಗೈ. ಗೇಮ್ ದುಡ್ಡಿಗೆ ಮಾರಾಟವಾಗುತ್ತಿತ್ತು, ಅವರಿಗೆ ಬಿಡಿಗಾಸೂ ಇಲ್ಲ. 2009ರಲ್ಲಿ ಕೇಸು ಹಾಕಿದರು. 2014ರಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಓಬ್ಯಾನನ್ ಪರ ತೀರ್ಪು ಕೊಟ್ಟರು.

2021ರ ಜೂನ್‌ನಲ್ಲಿ, ಇನ್ನೊಂದು ಕೇಸಿನಲ್ಲಿ, ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳೂ ಎನ್‌ಸಿಎಎ ವಿರುದ್ಧ ನಿಂತರು. ಹತ್ತೇ ದಿನದಲ್ಲಿ, ಜುಲೈ 1ರಿಂದ, ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ಸಂಪಾದಿಸಬಹುದು ಅಂತಾಯಿತು. 2025ರ ಜೂನ್ 6ರಂದು ಅದೇ ವಿಲ್ಕನ್ ದೊಡ್ಡ ರಾಜಿಯೊಂದನ್ನು ಒಪ್ಪಿದರು. ಹಳೆಯ ಆಟಗಾರರಿಗೆ ಹತ್ತು ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್ ಬಾಕಿ. ಈಗಿನವರಿಗೆ ಮೊದಲ ವರ್ಷ ಒಂದೊಂದು ಕಾಲೇಜು ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದು. ಲೆಕ್ಕ ನೋಡಿಕೊಳ್ಳಲು ಕಾಲೇಜ್ ಸ್ಪೋರ್ಟ್ಸ್ ಕಮಿಷನ್ ಅಂತ ಹೊಸ ಸಂಸ್ಥೆ. ಜಾಹೀರಾತಿನ ಹೆಸರಲ್ಲಿ ಶ್ರೀಮಂತ ಅಭಿಮಾನಿಗಳು ಸುಮ್ನೆ ದುಡ್ಡು ಸುರಿಯುತ್ತಿದ್ದಾರಾ ಅಂತ ನೋಡುವ ಕೆಲಸವೂ ಅದರದೇ.

ನನ್ನ ಪ್ರಕಾರ ಕಗ್ಗಂಟು ಇರುವುದು ಆ 2.05 ಕೋಟಿ ಡಾಲರ್ ಮಿತಿಯಲ್ಲಿ. ಊರಿನ ಗಿರಣಿಯವರೆಲ್ಲ ಕೂಡಿ 'ಆಳಿಗೆ ಇಷ್ಟಕ್ಕಿಂತ ಜಾಸ್ತಿ ಕೊಡಬಾರದು' ಅಂತ ಮಾತಾಡಿಕೊಂಡರೆ ಹೇಗೆ? ಅಮೆರಿಕದ ಪೈಪೋಟಿ ಕಾನೂನಿಗೆ ಅದು ಒಗ್ಗುವುದಿಲ್ಲ. ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲೂ ಮಿತಿ ಇದೆ, ಆದರೆ ಅದಕ್ಕೆ ಆಟಗಾರರ ಸಂಘ ಕೂತು ಒಪ್ಪಿದೆ. ಸಂಘದ ಚೌಕಾಸಿಗೆ ಕಾನೂನಿನ ಬಲ ಬೇಕೆಂದರೆ ಮೊದಲು ನೌಕರ ಅನಿಸಿಕೊಳ್ಳಬೇಕು. ಕಾಲೇಜುಗಳಿಗೆ ಮಿತಿ ಬೇಕು, ನೌಕರರು ಬೇಡ. ಅದಕ್ಕೇ ಕೇಸಿನಿಂದ ರಕ್ಷಣೆ ಕೊಡಿ ಅಂತ ಸಂಸತ್ತಿನ ಬಾಗಿಲು ಬಡಿಯುತ್ತಿವೆ. ಡಾರ್ಟ್‌ಮತ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಹುಡುಗರು 2024ರ ಮಾರ್ಚ್‌ನಲ್ಲಿ 13–2 ಮತದಿಂದ ಸಂಘ ಕಟ್ಟಲು ನಿರ್ಧರಿಸಿದರು. ಡಿಸೆಂಬರ್ ಕೊನೆಗೆ ಆ ಸಂಘದ ಅರ್ಜಿಯನ್ನು ವಾಪಸ್ ಪಡೆಯಲಾಯಿತು.

ಕಾಲೇಜುಗಳ ಭಯವನ್ನು ತಳ್ಳಿಹಾಕುವಂತಿಲ್ಲ. ಈಜು, ಕುಸ್ತಿ, ಟೆನಿಸ್ ತಂಡಗಳು ಬಹುಪಾಲು ಫುಟ್‌ಬಾಲ್ ದುಡ್ಡಿನಲ್ಲೇ ನಡೆಯುತ್ತವೆ. ಕತ್ತರಿ ಬಿದ್ದರೆ ಮೊದಲು ಅವಕ್ಕೆ. ಅದೇ ಟಿವಿ ದುಡ್ಡಿಗಾಗಿ ಪೆಸಿಫಿಕ್ ತೀರದ ಸ್ಟ್ಯಾನ್‌ಫರ್ಡ್, ಬರ್ಕ್ಲಿ 2024ರಲ್ಲಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಎಂಬ ಕಾಲೇಜು ತಂಡಗಳ ಕೂಟ ಸೇರಿದ್ದೂ ನಿಜ. ಭೂಗೋಳದ ಮೇಷ್ಟರಿಗೆ ಹೇಳಬೇಡಿ!

ಇನ್ನು, ಅಲ್ಲಿ ಓದುತ್ತಾ ಆಡುತ್ತಿರುವ ನಮ್ಮ ಮಕ್ಕಳ ವಿಷಯ. ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿ ದುಡಿಮೆಗೆ ಬಿಗಿಯಾದ ನಿಯಮಗಳಿವೆ. ಶೂ ಕಂಪನಿಗೆ ಒಂದು ಪೋಸ್ ಕೊಟ್ಟರೂ ಅದು ಕೆಲಸ ಅನಿಸಿಕೊಳ್ಳಬಹುದು. ಪಕ್ಕದ ಹುಡುಗ ಸಹಿ ಹಾಕಿದ ಅಂತ ಹಾಕಬೇಡಿ. ಮೊದಲು ವಲಸೆ ಕಾನೂನು ಬಲ್ಲ ವಕೀಲರಿಗೆ ಕಾಗದ ತೋರಿಸಿ.