ಊಟ ಬದಲಿಸಿ, ಮಾತ್ರೆ ಬಿಡಬೇಡಿ
ರುಮಟಾಯ್ಡ್ ಸಂಧಿವಾತ ಅಂತ ಹೇಳಿದ ಕೂಡಲೇ ರೋಗಿಗಳು ಕೇಳುವುದು ಒಂದೇ: "ಡಾಕ್ಟ್ರೇ, ಏನು ತಿನ್ನಲಿ, ಏನು ಬಿಡಲಿ?" ಮೊದಲೆಲ್ಲ "ಎಲ್ಲಾ ತಿನ್ನಿ" ಅಂದು ಸುಮ್ಮನಾಗುತ್ತಿದ್ದೆ. ಈಗ ಕೂತು ಮಾತಾಡುತ್ತೇನೆ.

ಮೈ ಕಾಯಬೇಕಾದ ರೋಗನಿರೋಧಕ ಕಣಗಳೇ ಕೀಲುಗಳ ಮೇಲೆ ಬೀಳುವ ಕಾಯಿಲೆ ಇದು. ಆ ಕಣಗಳಲ್ಲಿ ದೊಡ್ಡ ಪಾಲು ಇರುವುದು ಕರುಳಿನ ಗೋಡೆಯಲ್ಲಿ. ಗೋಡೆಯ ಒಳಬದಿಗೆ ಲಕ್ಷ ಕೋಟಿಗಟ್ಟಲೆ ಬ್ಯಾಕ್ಟೀರಿಯಾ. ನಡುವೆ ಒಂದೇ ಸಾಲು ಜೀವಕೋಶ, ಅದರ ಮೇಲೊಂದು ಲೋಳೆ ಪದರ, ಅಷ್ಟೇ. ಯಾರನ್ನು ಸಹಿಸಬೇಕು, ಯಾರ ಮೇಲೆ ಬೀಳಬೇಕು ಅನ್ನುವ ಪಾಠ ಈ ಕಣಗಳಿಗೆ ಸಿಗುವ ಜಾಗಗಳಲ್ಲಿ ಇದೂ ಒಂದು. ಆ ಪಾಠ ಕೆಟ್ಟರೆ ಕಾವಲುಗಾರರೇ ಮನೆಯವರನ್ನು ಹೊಡೆಯುತ್ತಾರೆ.

ಊಟ ಇಲ್ಲಿ ಹೇಗೆ ಬಂತು? ಕಾಳು, ತರಕಾರಿ, ಇಡೀ ಧಾನ್ಯದ ನಾರು ನಮಗೆ ಜೀರ್ಣವಾಗುವುದಿಲ್ಲ. ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಬ್ಯೂಟಿರೇಟ್‌ನಂಥ ಆಮ್ಲ ಮಾಡುತ್ತವೆ. ಉರಿಯೂತಕ್ಕೆ ಲಗಾಮು ಹಾಕುವ ಟಿ ಕಣಗಳು (ರೋಗನಿರೋಧಕ ಕಣಗಳಲ್ಲೇ ಒಂದು ಬಗೆ) ಇದರಿಂದ ಹೆಚ್ಚುತ್ತವೆ ಎಂದು 2013ರಲ್ಲಿ ಇಲಿಗಳಲ್ಲಿ ಕಂಡುಬಂತು. ನಾರು ಸಿಗದಿದ್ದರೆ ಕೆಲವು ಬ್ಯಾಕ್ಟೀರಿಯಾ ಆ ಲೋಳೆಯನ್ನೇ ತಿನ್ನತೊಡಗುತ್ತವೆ. ಇದೂ ಇಲಿಗಳಲ್ಲಿ ಕಂಡದ್ದೇ. ಇಲಿ ಮನುಷ್ಯನಲ್ಲ ಅಲ್ವಾ?

ಅದೇ 2013ರಲ್ಲಿ, ಹೊಸದಾಗಿ ಸಂಧಿವಾತ ಬಂದು ಇನ್ನೂ ಔಷಧಿ ಶುರುವಾಗದವರ ಕರುಳಲ್ಲಿ ಪ್ರೆವೊಟೆಲ್ಲಾ ಕೋಪ್ರಿ ಎಂಬ ಬ್ಯಾಕ್ಟೀರಿಯಾ ಜಾಸ್ತಿ ಸಿಕ್ಕಿತು. ಅದರಿಂದ ರೋಗ ಬಂತೋ, ರೋಗದಿಂದ ಅದು ಹೆಚ್ಚಿತೋ? ಬರೀ ಎಣಿಕೆಯಿಂದ ಅದನ್ನು ಹೇಳಲಾಗದು.

ಊಟವೇ ಚಿಕಿತ್ಸೆ ಅಂತ ನಾನು ಧೈರ್ಯವಾಗಿ ಹೇಳುವುದು ಸೀಲಿಯಾಕ್ ಕಾಯಿಲೆಗೆ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್‌ನಿಂದ ಕರುಳು ಹಾಳಾಗುವ ಕಾಯಿಲೆ ಅದು. ಗ್ಲುಟೆನ್ ಪೂರ್ತಿ ಬಿಟ್ಟರೆ ಹೆಚ್ಚಿನವರ ಕರುಳು ಮಾಗುತ್ತದೆ. ಆದರೆ ರಕ್ತಪರೀಕ್ಷೆಗೆ ಮೊದಲೇ ಬಿಡಬೇಡಿ. ಬಿಟ್ಟರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು.

ಸಂಧಿವಾತಕ್ಕೆ ಅಂಥ ಊಟ ಇಲ್ಲ. ನನ್ನಲ್ಲಿಗೆ ಬರುತ್ತಿದ್ದ ಒಬ್ಬರು ಪಥ್ಯವನ್ನೇ ನಂಬಿ ಸಂಧಿವಾತದ ಮಾತ್ರೆ ಮೆಥೊಟ್ರೆಕ್ಸೇಟ್ ನಿಲ್ಲಿಸಿದರು. ತಿರುಗಿ ಬರುವಾಗ ಮಣಿಕಟ್ಟಿನ ಮೂಳೆ ಸವೆದಿತ್ತು. ಸವೆದ ಮೂಳೆಯನ್ನು ಮೊದಲಿನಂತೆ ಮಾಡುವ ಮದ್ದು ನನ್ನ ಹತ್ತಿರ ಇಲ್ಲ. ಆ ಎಕ್ಸ್‌ರೇ ಇನ್ನೂ ಕಣ್ಣಿಗೆ ಕಟ್ಟಿದೆ.

ಹಾಗಾಗಿ ಮಾತ್ರೆ ಮುಂದುವರಿಸಿ, ಜೊತೆಗೆ ನಾರು ಹೆಚ್ಚಿಸಿ, ಪ್ಯಾಕೆಟ್ ತಿಂಡಿ, ಉಪ್ಪು ಕಡಿಮೆ ಮಾಡಿ ಅನ್ನುತ್ತೇನೆ. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ವಾರ ವಾರಕ್ಕೆ ಸ್ವಲ್ಪ ಸಾಕು. ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಯಿಂದ ಕರುಳು ಕಿರಿದಾಗಿದ್ದವರು ಮಾತ್ರ ಮೊದಲು ಕೇಳಲೇಬೇಕು. ಅವರಿಗೆ ಒರಟು ನಾರು ಸಿಕ್ಕಿಹಾಕಿಕೊಂಡು ಕರುಳೇ ಕಟ್ಟಿಕೊಳ್ಳಬಹುದು.