ರಿವಾಲ್ವರಿನ ಗುಂಡು ಬೇರೆ, ಪಿಸ್ತೂಲಿನ ಗುಂಡು ಬೇರೆ

ಸೀಸದ ಗುಂಡು ಎರಕ ಹೊಯ್ಯುವ ಒಂದೇ ಅಚ್ಚು ರಿವಾಲ್ವರಿಗೂ ಪಿಸ್ತೂಲಿಗೂ ಆಗುತ್ತದಾ? ಚಿಕ್ಕಮಗಳೂರಿನಲ್ಲಿ ಕೋವಿ ರಿಪೇರಿ ಮಾಡುವ ನನ್ನನ್ನು ತೋಟದವರು, ಶೂಟಿಂಗ್ ಕಲಿಯುವ ಹುಡುಗರು ಹೀಗೆ ಕೇಳುತ್ತಾರೆ. ಅಮೆರಿಕದವರ ವಿಡಿಯೋ ನೋಡಿರುತ್ತಾರೆ. ಅಲ್ಲಿ ಇದು ಮನೆಯ ಹವ್ಯಾಸ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಮದ್ದುಗುಂಡು ತಯಾರಿಸಲು ಬೇರೆಯೇ ಲೈಸೆನ್ಸ್ ಬೇಕು, ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಸಾಲದು. ಆದರೂ ಅಚ್ಚಿನ ಆಕಾರ ತಿಳಿದವರು ಅಂಗಡಿಯಲ್ಲಿ ಕಾಟ್ರಿಡ್ಜ್ (ಕೇಸು, ಮದ್ದು, ಗುಂಡು ಸೇರಿದ ತೋಟಾ) ಕೊಳ್ಳುವಾಗ ಮೋಸ ಹೋಗುವುದಿಲ್ಲ.

ರಿವಾಲ್ವರಿನ ಗುಂಡಿಗೆ ಸುತ್ತಲೂ ಒಂದು ಕಚ್ಚು ಇರುತ್ತದೆ. ಹಿತ್ತಾಳೆ ಕೇಸಿನ ಬಾಯಿಯನ್ನು ಒಳಕ್ಕೆ ಮಡಚಿ ಆ ಕಚ್ಚಿಗೆ ಕೂರಿಸುತ್ತಾರೆ. ಯಾಕೆ ಗೊತ್ತಾ? ಹೀಗೆ ಮಡಚದಿದ್ದರೆ ಒಂದು ಗುಂಡು ಹಾರಿದಾಗ ಬೀಳುವ ಒದೆತಕ್ಕೆ ಮಿಕ್ಕ ಕಾಟ್ರಿಡ್ಜ್‌ಗಳ ಗುಂಡು ಮುಂದಕ್ಕೆ ಜಾರುತ್ತದೆ. ಮೂತಿ ಹೊರಗೆ ಚಾಚಿತೋ, ಕಾಟ್ರಿಡ್ಜ್ ತುಂಬಿದ ಸಿಲಿಂಡರ್ ತಿರುಗುವುದೇ ಇಲ್ಲ.

.45 ಆಟೋ ಪಿಸ್ತೂಲಿನಲ್ಲಿ ಲೆಕ್ಕ ತಲೆಕೆಳಗು. ಅಲ್ಲಿ ಕೇಸಿನ ಬಾಯಿಯ ಅಂಚೇ ಚೇಂಬರಿನ (ಕಾಟ್ರಿಡ್ಜ್ ಕೂರುವ ಗೂಡಿನ) ಒಳಗಿನ ಮೆಟ್ಟಿಲಿಗೆ ತಾಗಿ ನಿಲ್ಲಬೇಕು. ಬಾಯಿ ಮಡಚಿದರೆ ಆ ಆಧಾರ ತಪ್ಪುತ್ತದೆ. ಹಾಗಾಗಿ ಅದರ ಅಚ್ಚಿನಲ್ಲಿ ಮಡಿಕೆಯ ಕಚ್ಚು ಇರುವುದಿಲ್ಲ. ಮೂತಿಯೂ ಸಾಮಾನ್ಯವಾಗಿ ದುಂಡಗಿರುತ್ತದೆ, ಮ್ಯಾಗಜೀನಿನಿಂದ ಜಾರಿ ಮೇಲೆ ಹತ್ತಬೇಕಲ್ವಾ.

ಚಪ್ಪಟೆ ಮೂತಿಯ ವಾಡ್‌ಕಟರ್ ಗುಂಡು 25 ಮೀಟರ್ ಸ್ಪರ್ಧೆಯವರದು. ಕಾಗದದಲ್ಲಿ ಅಂಚು ಹರಿಯದ ದುಂಡು ತೂತು ಬೀಳುತ್ತದೆ, ಅಂಕ ಎಣಿಸುವುದು ಸುಲಭ. ಇದು ಕೇಸಿನ ಬಾಯಿಗೆ ಸಮನಾಗಿ ಒಳಗೇ ಕೂರುತ್ತದೆ. ಇದಕ್ಕಾಗಿಯೇ ಮಾಡಿದ ಸ್ಪರ್ಧೆಯ ಪಿಸ್ತೂಲು ಬಿಟ್ಟರೆ ಬೇರೆ ಆಟೋಮ್ಯಾಟಿಕ್‌ಗಳಲ್ಲಿ ಸಿಕ್ಕಿಕೊಳ್ಳುತ್ತದೆ.

ಆಕಾರಕ್ಕಿಂತ ಜಾಸ್ತಿ ಜನ ಎಡವುವುದು ಅಗಲದಲ್ಲಿ. ಸೀಸದ ಗುಂಡು ನಳಿಗೆಯ ಒಳಗಿನ ಅಳತೆಗಿಂತ ಇಂಚಿನ ಸಾವಿರದಲ್ಲೊಂದು ಭಾಗ ದಪ್ಪ ಇರಬೇಕು. ತೆಳುವಾದರೆ ಬಿಸಿ ಗಾಳಿ ಪಕ್ಕದಿಂದ ನುಗ್ಗಿ ಸೀಸವನ್ನು ಕರಗಿಸುತ್ತದೆ, ಅದು ನಳಿಗೆಗೆ ಮೆತ್ತಿಕೊಳ್ಳುತ್ತದೆ. ಉಜ್ಜಿ ತೆಗೆಯುವುದು ದೊಡ್ಡ ಕೆಲಸ. .38 ಎಂಬ ಹೆಸರನ್ನಂತೂ ನಂಬಲೇಬೇಡಿ. .38 ಸ್ಪೆಷಲ್ ಎಂಬ ಕಾಟ್ರಿಡ್ಜ್‌ನ ಸೀಸದ ಗುಂಡು .358 ಇಂಚು, ಹಳೆಯ ವೆಬ್ಲಿ ರಿವಾಲ್ವರ್‌ಗಳು ತಿನ್ನುವ .38 ಎಸ್ ಆಂಡ್ ಡಬ್ಲ್ಯೂ (ಸ್ಮಿತ್ ಆಂಡ್ ವೆಸನ್) ಕಾಟ್ರಿಡ್ಜ್‌ನದು .361. ಅಜ್ಜನ ಕಾಲದ ರಿವಾಲ್ವರ್ ಇದ್ದವರು ಮೊದಲು ನಳಿಗೆ ಅಳತೆ ಮಾಡಿಸಿ.

ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಇದ್ದವರಿಗೆ ಇನ್ನೊಂದು ಮಾತು. ಅದಕ್ಕೆ ಬೇಕಾದದ್ದು .32 ಎಸ್ ಆಂಡ್ ಡಬ್ಲ್ಯೂ ಲಾಂಗ್. ಪಿಸ್ತೂಲಿನ .32 ಎಸಿಪಿ (ಆಟೋಮ್ಯಾಟಿಕ್ ಕೋಲ್ಟ್ ಪಿಸ್ತೂಲ್) ಕಾಟ್ರಿಡ್ಜ್ ಕೂಡ ಅದರೊಳಗೆ ಕೂತುಬಿಡಬಹುದು. ಗುಂಡಿನ ಅಗಲ ಹೆಚ್ಚುಕಮ್ಮಿ ಒಂದೇ. ಆದರೆ ಎಸಿಪಿಯ ಒತ್ತಡದ ಮಿತಿ ಚದರ ಇಂಚಿಗೆ 20,500 ಪೌಂಡ್, ಲಾಂಗ್‌ನದು 15,000. ಬಾಕ್ಸಿನ ಮೇಲೆ .32 ಅಂತ ನೋಡಿ ಸುಮ್ನೆ ತರಬೇಡಿ, ಮುಂದಿನ ಅಕ್ಷರಗಳನ್ನೂ ಓದಿ.