ಹುಲಿ ಎಂದರೆ ಮೀಸೆ ತಿರುವುವವನು ನಾಯಿ ಎಂದರೆ ಕೆರಳುವುದೇಕೆ?

ಓದುಗರ ಪ್ರಶ್ನೆ: ಜೋರು ಸ್ವಭಾವದವನನ್ನು ‘ಹುಲಿ’ ಎಂದರೆ ಬಿರುದು, ‘ನಾಯಿ’ ಎಂದರೆ ಬೈಗುಳ. ಕಚ್ಚುವುದು ಎರಡೂ ಕಚ್ಚುತ್ತವೆ. ಮತ್ತೆ ಈ ಭೇದ ಏಕೆ?

ಹುಲಿ ಎಂದು ಹೊಗಳುವಾಗ ನಮ್ಮ ಮನಸ್ಸಿನಲ್ಲಿರುವುದು ಅದರ ಹಲ್ಲಿಗಿಂತ ಹೆಚ್ಚಾಗಿ, ಯಾರ ಅಂಕೆಗೂ ಸಿಗದ ಅದರ ಬಲ. ಹುಲಿಗೆ ಯಾರೂ ಅನ್ನ ಹಾಕುವುದಿಲ್ಲ, ಯಾರೂ ಅದನ್ನು ಇನ್ನೊಬ್ಬರ ಮೇಲೆ ಛೂ ಬಿಡುವುದಿಲ್ಲ. ನಾಯಿಯಾದರೋ ನಮ್ಮ ಜಗುಲಿಯ ಕೆಳಗೇ ಮಲಗುತ್ತದೆ, ನಾವು ಹಾಕಿದ್ದನ್ನು ತಿಂದು ನಾವು ತೋರಿಸಿದವರ ಮೇಲೆ ಬೊಗಳುತ್ತದೆ. ‘ನೀನು ಯಾರದೋ ಅನ್ನಕ್ಕೆ ಬಾಲ ಅಲ್ಲಾಡಿಸುವವನು’ ಎಂಬ ಹೀಯಾಳಿಕೆಯೇ ಆ ಬೈಗುಳದ ಉರಿ.

ಈ ಎಣಿಕೆ ಎಷ್ಟು ಹಳೆಯದೆಂದು ನೋಡಬೇಕಾದರೆ ಬಾದಾಮಿಗೆ ಹೋಗಬೇಕು. ಅಲ್ಲಿನ ಬಂಡೆಯ ಮೇಲೆ ಕ್ರಿ.ಶ. ಸುಮಾರು 700ರ ಕಪ್ಪೆ ಅರಭಟ್ಟನೆಂಬ ವೀರನ ಶಾಸನವಿದೆ. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂಬ ಸಾಲು ಬಹಳ ಜನರಿಗೆ ಬಾಯಿಪಾಠ. ನನ್ನ ಮನಸ್ಸು ನಿಲ್ಲುವುದು ಅದೇ ಶಾಸನದ ಇನ್ನೊಂದು ತ್ರಿಪದಿಯಲ್ಲಿ. ಕಟ್ಟಿಹಾಕಿದ ಸಿಂಹವನ್ನು ‘ನಮಗೇನು ಕೆಟ್ಟೀತು’ ಎಂದುಕೊಂಡು ಬಿಚ್ಚಿಬಿಟ್ಟ ಹಾಗೆ, ಅರಭಟ್ಟನ ಹಗೆಗಳು ಕೆಟ್ಟರು, ಸತ್ತರು ಎನ್ನುತ್ತದೆ ಆ ಪದ್ಯ. ‘ಕಟ್ಟಿದ ಸಿಂಘಮನ್’ ಎಂಬ ಎರಡೇ ಮಾತಿನಲ್ಲಿ ಎಷ್ಟು ಅರ್ಥವಿದೆ ನೋಡಿ! ಸಿಂಹ ತಾನಾಗಿ ಯಾರ ಮೇಲೂ ಎರಗಲಿಲ್ಲ, ತಪ್ಪೆಲ್ಲ ಬಿಚ್ಚಿದವರದು. ಹೊಗಳಿಕೆಯ ಮೃಗ ಕೆಣಕದೆ ಮೈಮೇಲೆ ಬರುವುದಿಲ್ಲ.

ಸಂಸ್ಕೃತದಿಂದ ಬಂದ ಪುರುಷವ್ಯಾಘ್ರ, ನರಶಾರ್ದೂಲ, ನರಪುಂಗವ, ಕಪಿಕುಂಜರ ಇವೂ ಇದೇ ದಾರಿಯವು. ಸಮಾಸದ ಕೊನೆಗೆ ಬಂದ ಹುಲಿ, ಗೂಳಿ, ಆನೆ, ಸಿಂಹಗಳಿಗೆ ‘ಶ್ರೇಷ್ಠ’ ಎಂದಷ್ಟೇ ಅರ್ಥ ಎಂದು ಸಂಸ್ಕೃತದ ನಿಘಂಟು ಅಮರಕೋಶ ಹೇಳುತ್ತದೆ. ವ್ಯಾಕರಣಕಾರ ಪಾಣಿನಿಯ ಸೂತ್ರ ಇನ್ನೂ ಸೊಗಸಾಗಿದೆ: ಹೋಲಿಕೆಯ ಗುಣವನ್ನು ಬಾಯಿಬಿಟ್ಟು ಹೇಳದಿದ್ದರೆ ಮಾತ್ರ ಇಂಥ ಸಮಾಸ ಸಲ್ಲುತ್ತದೆ. ‘ಹುಲಿಯಂತೆ ಶೂರ’ ಎಂದು ಬಿಡಿಸಿ ಹೇಳಿದರೆ ಅಲ್ಲಿ ಪುರುಷವ್ಯಾಘ್ರನಿಗೆ ಜಾಗವಿಲ್ಲ. ಕನ್ನಡದಲ್ಲೂ ‘ಅವನು ಹುಲಿ’ ಎಂದು ನಿಲ್ಲಿಸಿದರೆ ಸಾಕು, ಉಳಿದದ್ದನ್ನು ಕೇಳುವವರೇ ತುಂಬಿಕೊಳ್ಳುತ್ತಾರೆ. ಬೈಯುವಾಗ ಹೆಚ್ಚಾಗಿ ಮುಂದೊಂದು ಮಾತು ಬೇಕಾಗುತ್ತದೆ: ಹುಚ್ಚು ನಾಯಿ, ಕೊಬ್ಬಿದ ಗೂಳಿ, ಮದವೇರಿದ ಆನೆ. ಹುಲಿಯೇ ಆದರೂ ಹಸುವಿನ ಮುಖ ಹೊತ್ತು ಬಂದರೆ ಅದು ಗೋಮುಖ ವ್ಯಾಘ್ರ. ಹೆಂಗಸರನ್ನು ಹೊಗಳುವಾಗಲೂ ‘ಹುಲಿ’ ಎಂದಷ್ಟಕ್ಕೆ ನಿಲ್ಲಿಸದೆ ‘ಹೆಣ್ಣುಹುಲಿ’ ಎನ್ನುತ್ತೇವೆ. ಅದು ಬೇಡವಾಗಿತ್ತು ಎಂದು ನನಗೆ ಅನ್ನಿಸುತ್ತದೆ.

ಟಿಪ್ಪು ಸುಲ್ತಾನ್ ‘ಮೈಸೂರು ಹುಲಿ’ ಆದದ್ದು ಎಲ್ಲರಿಗೂ ಗೊತ್ತು. ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆಯವರನ್ನು ಜನ ‘ಕರ್ನಾಟಕ ಸಿಂಹ’ ಎಂದು ಕರೆದದ್ದು ಅದಕ್ಕಿಂತ ಹೆಚ್ಚು ಯೋಚಿಸಬೇಕಾದ ಸಂಗತಿ. ಅವರು ಗಾಂಧೀಜಿಯವರ ಅನುಯಾಯಿ, ಊರೂರಿಗೆ ಖಾದಿ ಹರಡಿದವರು, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕಾಗಿ ದುಡಿದವರು. ಅಹಿಂಸೆಯ ವ್ರತ ಹಿಡಿದವರಿಗೂ ಸಿಂಹದ ಹೆಸರು ಒಪ್ಪಿತು.

ಕನ್ನಡದ ಆಡುಮಾತಿನಲ್ಲಿ ಹಟ್ಟಿಯ ಪ್ರಾಣಿಗಳಿಗೆ ಈ ಭಾಗ್ಯವಿಲ್ಲ. ಅಜ್ಜಿಯ ಮನೆಯ ಕೊಟ್ಟಿಗೆಯಲ್ಲಿ ಹಾಯುವ ಹೋರಿಯೊಂದಿತ್ತು. ತಲೆ ತಗ್ಗಿಸಿ, ಮುಂಗಾಲಿನಿಂದ ಮಣ್ಣು ಕೆರೆದು ಹೊಟ್ಟೆಯ ಕೆಳಗೆ ಚಿಮ್ಮಿಸಿ, ಒಮ್ಮೆ ಬುಸುಗುಟ್ಟಿದರೆ ನಾವು ಮಕ್ಕಳೆಲ್ಲ ಅಟ್ಟ ಹತ್ತಬೇಕು. ‘ಕಾಲು ಕೆರೆದು ಜಗಳಕ್ಕೆ ಬರುತ್ತಾನೆ’ ಎಂಬ ಮಾತಿನ ಅರ್ಥ ನನಗೆ ಆದದ್ದು ಅಲ್ಲಿ. ಮೃಗದ ಹೆಸರೇ ಇಲ್ಲದೆ ಮೃಗ ಒಳಗಿರುವ ಇಂಥ ಮಾತುಗಳು ಕನ್ನಡದಲ್ಲಿ ಹೇರಳ. ‘ಅವನಿಗೇನು ಕೊಂಬಿದೆಯೇ’ ಎನ್ನುತ್ತೇವೆ, ‘ಬಾಲ ಬಿಚ್ಚಬೇಡ’ ಎನ್ನುತ್ತೇವೆ. ಸಚಿವರು ಪ್ರತಿಪಕ್ಷದ ಮೇಲೆ ‘ಹರಿಹಾಯ್ದರು’ ಎಂದು ಪತ್ರಿಕೆ ಬರೆದಾಗ ಅಲ್ಲಿರುವುದು ಆ ಹೋರಿಯ ‘ಹಾಯುವ’ ಕ್ರಿಯಾಪದವೇ. ಹಂದಿಯ ಪಾಡು ಇನ್ನೂ ವಿಚಿತ್ರ. ಹಂದಿ ಎಂದರೆ ಹೊಲಸು ಬೈಗುಳ, ವರಾಹ ಎಂದರೆ ಚಾಲುಕ್ಯರ ಲಾಂಛನ, ವಿಜಯನಗರದ ಚಿನ್ನದ ನಾಣ್ಯ.

ನಾಯಿಯ ಪರವಾಗಿ ಒಂದು ಮಾತು ಹೇಳದೆ ಮುಗಿಸಲಾರೆ. ಹತ್ತನೆಯ ಶತಮಾನದ ನಡುವೆ, ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಮಣಲೇರನೆಂಬ ವೀರ ತೋರಿದ ಶೌರ್ಯಕ್ಕೆ ಗಂಗರ ದೊರೆ ಬೂತುಗ ಮೆಚ್ಚಿ ‘ಬೇಡಿಕೋ’ ಎಂದ. ಮಣಲೇರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ದೊಡ್ಡದೊಂದು ಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ಎರಡೂ ಹೋರಾಡಿ ಒಟ್ಟಿಗೇ ಸತ್ತವು. ಮಂಡ್ಯ ಜಿಲ್ಲೆಯ ಆತಕೂರಿನ ದೇವಾಲಯದ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿದರು, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೂ ಹಂದಿಯೂ ಮುಖಕ್ಕೆ ಮುಖ ಕೊಟ್ಟು ಸೆಣಸುತ್ತಿರುವ ಅದರ ಮೇಲಿನ ಕೆತ್ತನೆಯ ಚಿತ್ರವನ್ನು ಒಮ್ಮೆ ಹೋಗಿ ನೋಡಿ ಬನ್ನಿ.